ಟವೆಲ್ಲಣ್ಣನ ತಲೆಯ ಹಿಂದಿನ ಚಿತ್ರ

ಮಳೆಗಾಲದಲ್ಲಿ ಕೊಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ, ಗಾಜಿನ ಹಿಂದೆ ಕೂತು ಸಲಾಮು ಹೊಡೆಸಿಕೊಳ್ಳುತ್ತದೆ. ಏನದು? ತಲೆ ಕೆರೆದುಕೊಳ್ಳಬೇಡಿ, ಅಳತೆ ಮತ್ತು ತೂಕದ ಕಚೇರಿಯ ಹನ್ನೊಂದು ಜನ ಸೇರಿದರೂ ಹೊಳೆಯಲಿಲ್ಲ.

ಆ ಕಚೇರಿಯ ತಾರಸಿ ಒಂದೇ ಒಂದು ಕಡೆ ಸೋರುತ್ತಿತ್ತೆಂಬುದು ದಾಖಲಾದ ಸತ್ಯ. ಅದರ ಕೆಳಗೇ ಗುಮಾಸ್ತನ ಕುರ್ಚಿ. ಸರಿಸುವ ಹಾಗಿಲ್ಲ, ನಾಲ್ಕು ಕಾಲಿಗೂ ನೆಲದಲ್ಲಿ ಬಣ್ಣದ ಗುರುತು ಹಾಕಿ ಪುಸ್ತಕಕ್ಕೆ ಏರಿಸಿದ್ದರು. ಏಳು ವರ್ಷ ತಲೆಗೆ ಟವೆಲ್ ಸುತ್ತಿಕೊಂಡು ಅರ್ಜಿ ಬರೆದೂ ಬರೆದೂ ಟವೆಲ್ಲಣ್ಣನೆಂದೇ ಹೆಸರಾಗಿದ್ದ ಆತನಿಗೆ ಕೊನೆಗೂ ರಿಪೇರಿ ಮಂಜೂರಾಯಿತು. ಸೋಮವಾರ ಗಾರೆ ಕೆಲಸದವನು ಬರಬೇಕು.

"ಇನ್ಮೇಲೆ ತಲೆ ಬಾಚ್ಕೊಂಡು ಆಫೀಸಿಗೆ ಹೋಗ್ತೀನಿ ಕಣೇ," ಎಂದ ಹೆಂಡತಿಗೆ.

"ಕೂದಲು ಉಳಿದಿದ್ರೆ ತಾನೇ ರೀ?"

ಅದೇ ವಾರ ಕಚೇರಿಯ ಗೌರವ ಹೆಚ್ಚಿಸಲು ಒಂದು ಆಧುನಿಕ ಚಿತ್ರದ ಪ್ರತಿ ತರಿಸಿದರು. ಮ್ಯೂಸಿಯಂ ಗುಣಮಟ್ಟದ್ದು; ನೂರು ವರ್ಷ ಬಣ್ಣ ಬಿಡದು, ನೀರಿಗೆ ಜಗ್ಗದು ಎಂದು ಗ್ಯಾರಂಟಿ ಚೀಟಿ. ಬಂದದ್ದು ಮಾತ್ರ ಬರೀ ಗಾಜಿನ ಚೌಕಟ್ಟು. ಚಿತ್ರವೂ ಹಿಂಬದಿಯ ಹಲಗೆಯೂ ಬೇರೆ ಪಾರ್ಸಲ್‌ನಲ್ಲಿ ಹಿಂದಿನಿಂದ ಬರುತ್ತಿದ್ದವು. ಆದರೆ ನಿಯಮ ಹದಿನಾಲ್ಕರ ಪ್ರಕಾರ ಬಂದ ವಸ್ತುವನ್ನು ಬಂದ ದಿನವೇ ಬಳಕೆಗೆ ತರತಕ್ಕದ್ದು. ಕಚೇರಿಯಲ್ಲಿದ್ದದ್ದು ಒಂದೇ ಮೊಳೆ. ಅದೂ ಟವೆಲ್ಲಣ್ಣನ ತಲೆಯ ಹಿಂದೆ, ಗೋಡೆಯ ತೇವದ ಕಲೆಯ ನೆತ್ತಿಗೆ. ಚೌಕಟ್ಟು ಅಲ್ಲಿಗೇ ಏರಿತು.

ಮಾರನೆಯ ದಿನ ಗುಣಮಟ್ಟ ಪರೀಕ್ಷಿಸಲು ಕಲಾತಜ್ಞೆ ಬಂದರು. ಗಾಜಿನೊಳಗೆ ನಡುವೆ ಪಾಚಿಯ ಹಸಿರು, ಅಂಚಿಗೆ ಚಹಾದ ಬಣ್ಣ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.

"ಒದ್ದೆ ಇದೆಯಲ್ಲ?"

"ಹೊಸ ಪ್ರತಿ ಮೇಡಂ, ಈಗಷ್ಟೇ ಅಚ್ಚಾಗಿದೆ," ಎಂದರು ದೊಡ್ಡ ಸಾಹೇಬರು.

ಟವೆಲ್ಲಣ್ಣ ಕುರ್ಚಿಯಿಂದ ಎದ್ದ. "ಮೇಡಂ, ಅದು ಚಿತ್ರ ಅಲ್ಲ, ಸೋರಿಕೆ."

"ಶೀರ್ಷಿಕೆ, ಸೋರಿಕೆ," ಎಂದು ತಜ್ಞೆ ಬರೆದುಕೊಂಡರು.

"ಸೋಮವಾರ ಅದಕ್ಕೆ ಗಾರೆ ಬಳೀತಾರೆ ಮೇಡಂ."

ಪೆನ್ನು ನಿಂತಿತು. "ಇಂಥ ಕೃತಿಗೆ ಗಾರೆನಾ? ನಿಮ್ಮನೆ ಮಗು ಮುಖಕ್ಕೆ ಗಾರೆ ಬಳೀತೀರಾ?"

"ಮಗೂನೂ ಸೋರತ್ತೆ ಮೇಡಂ. ನಾವು ಒರೆಸ್ತೀವಿ."

ಗಾರೆಯವನಿಗೆ ಬರಬೇಡವೆಂದು ಪತ್ರ ಹೋಯಿತು. ಗೋಡೆಗೆ ಪ್ರಕಟಣೆ ಬಂತು: "ತಾರಸಿಯ ರಂಧ್ರವು ಕೃತಿಯ ಅವಿಭಾಜ್ಯ ಅಂಗ. ಮುಚ್ಚತಕ್ಕದ್ದಲ್ಲ. ಹನಿ ಬೀಳುವಾಗ ಮೌನ ಕಾಪಾಡತಕ್ಕದ್ದು."

ಬುಧವಾರ ನಿಜವಾದ ಚಿತ್ರ ಬಂತು. ಒಂದು ನೀಲಿ ಚೌಕ, ಅದರೊಳಗೆ ಮುನಿಸಿಕೊಂಡಂತಿದ್ದ ಕೆಂಪು ಗೆರೆ. ಚೌಕಟ್ಟಿನಲ್ಲಿ ಆಗಲೇ ಚಿತ್ರವಿದ್ದ ಕಾರಣ ಇದನ್ನು ಪ್ಯಾಕಿಂಗ್ ಕಾಗದವೆಂದು ತೀರ್ಮಾನಿಸಲಾಯಿತು.

"ತಗೊಳ್ಳಪ್ಪ, ನಿಂಗೂ ಏನಾದ್ರೂ ಸಿಗ್ಬೇಕಲ್ಲ," ಎಂದರು ಸಾಹೇಬರು.

ಟವೆಲ್ಲಣ್ಣ ಗ್ಯಾರಂಟಿ ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ಚಿತ್ರವನ್ನು ಮಡಚಿ ಟೋಪಿ ಮಾಡಿ ತಲೆಗಿಟ್ಟುಕೊಂಡ. ಒಂದು ಹನಿಯೂ ಒಳಗಿಳಿಯಲಿಲ್ಲ. "ಸದ್ಯ, ಟವೆಲ್ ಒಗೆಯೋದು ತಪ್ತು," ಎಂದಳು ಹೆಂಡತಿ.

ಬೇಸಿಗೆ ಬಂದಾಗ ಕೃತಿ ಬಾಡತೊಡಗಿತು. ದಿನಕ್ಕೆರಡು ಕೊಡ ನೀರನ್ನು ತಾರಸಿಯ ಮೇಲೆ ಹೊಯ್ಯಬೇಕೆಂದು ಆದೇಶವಾಯಿತು. ರಂಧ್ರದ ಜಾಗವನ್ನು ಏಳು ವರ್ಷ ಅರ್ಜಿಯಲ್ಲಿ ಇಂಚಿಂಚೂ ವಿವರಿಸಿದ್ದವನು ಟವೆಲ್ಲಣ್ಣನೇ ಆದ್ದರಿಂದ ಆತನನ್ನೇ ನೇಮಿಸಿದರು. ಈಗ ಆತ ಮೇಲೆ ಹೋಗಿ ನೀರು ಹೊಯ್ದು, ದಡಬಡ ಇಳಿದು ಬಂದು, ಅದರ ಕೆಳಗೆ ಕೂರುತ್ತಾನೆ.

ಸುಳ್ಳೇಕೆ, ಈ ಕೊಡದ ಕೊನೆ ನಾನು ಕಟ್ಟಿದ್ದು. ಬೇಸಿಗೆ ಇನ್ನೂ ಬಂದೇ ಇಲ್ಲ. ಆದರೆ ಕಚೇರಿಯವರು ಇದನ್ನು ಓದಿ, ಉತ್ತಮ ಸಲಹೆಯೆಂದು ಕಡತಕ್ಕೆ ಸೇರಿಸಿ ಕೊಡ ತರಿಸಿದರು. ಕೊಡಗಳು ನಿನ್ನೆ ಬಂದವು. ನಿಯಮ ಹದಿನಾಲ್ಕು ಇದೆಯಲ್ಲ; ಸುರಿಯುವ ಮಳೆಯಲ್ಲೇ ಟವೆಲ್ಲಣ್ಣ ಕೊಡ ಹೊತ್ತು ಏಣಿ ಹತ್ತಿದ. ತಲೆಯ ಮೇಲೆ ಟೋಪಿಯಿತ್ತು, ಬಣ್ಣ ಬಿಟ್ಟಿರಲಿಲ್ಲ.