ಸಿಂಗಪುರದಲ್ಲಿ ಒಂದೇ ಇಡ್ಲಿ

ಎಂಬತ್ತೈದನೇ ಇಸವಿಯ ಆ ಸಿಂಗಪುರ ಪ್ರವಾಸಕ್ಕೆ ತಿರುಮಲೈಸಾಮಿ ಹಾಕಿದ ಬಜೆಟ್ಟಿನಲ್ಲಿ ಊಟದ ಬಾಬತ್ತಿಗೆ ದುಂಡನೆಯ ಸೊನ್ನೆ ಇತ್ತು. ಹೆಂಡತಿ ನಾಚಿಯಮ್ಮ ಅದನ್ನು ಕೇಳಿ ಹೌಹಾರಿದಳು.

"ಏನುಂಗ, ಒಂದು ವಾರ ಗಾಳಿ ಕುಡ್ಕೊಂಡಿರೋದಾ?"

"ಬಾಲು ಮನೇಲಿ ಇಳಿದ ಮೇಲೆ ಊಟಕ್ಕ್ಯಾಕೆ ಕಾಸು? ನನ್ನ ಸ್ವಂತ ಸೋದರಮಾವನ ಮಗ ಕಣೆ! ಅವನ ಮನೇಲಿ ಇದ್ಕೊಂಡು ಹೋಟ್ಲಲ್ಲಿ ತಿಂದ್ರೆ ಅವನಿಗೆ ಮಾನ ಹೋಗಲ್ವಾ?"

ಬಾಲುವಿನ ಮಾನದ ಹಿಂದೆ ಇದ್ದದ್ದು ಡೆಕ್ಕು. ಟಿವಿಗೆ ಸಿಕ್ಕಿಸಿ ಮನೆಯಲ್ಲೇ ಸಿನಿಮಾ ನೋಡುವ ಆ ಮಹಾಯಂತ್ರ ತಿರುಪ್ಪೂರಿನ ಅವರ ಬೀದಿಗೆಲ್ಲ ಎದುರುಮನೆ ಪಳನಿಸಾಮಿಯ ಹತ್ತಿರ ಮಾತ್ರ ಇತ್ತು. ಇಬ್ಬರದೂ ಬನಿಯನ್ ಕಂಪನಿಯೇ, ಆದರೆ ಭಾನುವಾರ ಬಂದರೆ ಇಡೀ ಬೀದಿ ಪಳನಿಸಾಮಿಯ ಮನೆಯಲ್ಲಿ. ಅದರಲ್ಲೂ ಚಾಪೆ ಹಿಡಿದು ಎಲ್ಲರಿಗಿಂತ ಮುಂಚೆ ಹೋಗಿ ಜಾಗ ಹಿಡಿಯುತ್ತಿದ್ದವರು ತಿರುಮಲೈಸಾಮಿಯ ಹೆಂಡತಿ ಮತ್ತು ಹೆತ್ತ ತಾಯಿ! (ಗಂಡಸು ಎಷ್ಟೆಂದು ಸಹಿಸಿಯಾನು?) "ಮುಂದಿನ ತಿಂಗಳು ನಮ್ಮನೇಲೇ ಡೆಕ್ಕು" ಎಂದು ಆತ ಟೀ ಅಂಗಡಿಯಲ್ಲಿ ಘೋಷಣೆಯನ್ನೂ ಹೊರಡಿಸಿಬಿಟ್ಟಿದ್ದ.

ಊಟದ ಕಾಸು ಉಳಿಸಿ ಸಿಂಗಪುರದಲ್ಲೇ ಡೆಕ್ಕು ಕೊಳ್ಳುವ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ, ತಪ್ಪಿದ್ದದ್ದು ನಾಲಿಗೆಯಲ್ಲಿ. ತಲೆತಲಾಂತರದಿಂದ ತಮಿಳು ಸೀಮೆಯಲ್ಲಿ ಮಗ್ಗ ನಂಬಿ, ಮನೆಯೊಳಗೆ ಕನ್ನಡ ಆಡಿಕೊಂಡು ಬಂದ ಅವರ ಜನದಲ್ಲಿ ನೆಂಟನಾದವನು ಊಟಕ್ಕೆ ಕರೆದ ಕೂಡಲೇ ಏಳಬಾರದು. "ಬ್ಯಾಡ" ಎನ್ನಬೇಕು. ಮನೆಯವರು ಬಲವಂತ ಮಾಡಬೇಕು. ಮತ್ತೆ "ಬ್ಯಾಡ" ಎನ್ನಬೇಕು. ಕೊನೆಗೆ ಮನೆಯಾಕೆ ಆಣೆ ಇಟ್ಟ ಮೇಲೆ, ಯಾರದೋ ಪ್ರಾಣ ಉಳಿಸಲು ಒಪ್ಪಿಕೊಂಡವನಂತೆ ಎಲೆಯ ಮುಂದೆ ಕೂತು ಮೂರಾಳಿನ ಊಟ ಮಾಡಬೇಕು. ಬಾಲಸುಬ್ರಮಣಿಯನ್, ಅವನ ಹೆಂಡತಿ ಕಾಮಾಕ್ಷಿ ಇಬ್ಬರೂ ಸಿಂಗಪುರದಲ್ಲೇ ಹುಟ್ಟಿ ಬೆಳೆದವರು. ಈ ಶಾಸ್ತ್ರವನ್ನು ಅವರಿಗೆ ಕಲಿಸುವವರು ಯಾರೂ ಇರಲಿಲ್ಲ.

ಹೋಗಿ ಇಳಿದ ಸಂಜೆ ಕಾಮಾಕ್ಷಿ, "ಅಣ್ಣ, ಊಟಕ್ಕೆ ಹಾಕ್ಲಾ?" ಎಂದಳು. ಒಳಗಿಂದ ನುಗ್ಗೆಕಾಯಿ ಸಾಂಬಾರಿನ ಪರಿಮಳ ಬರುತ್ತಿತ್ತು.

"ಅಯ್ಯೋ ಬ್ಯಾಡಮ್ಮ! ವಿಮಾನದಲ್ಲೇ ಹೊಟ್ಟೆ ಬಿರಿಯೋ ಹಂಗೆ ಕೊಟ್ರು. ನಮ್ಮಿಬ್ಬರಿಗೂ ಏನೂ ಬ್ಯಾಡ" ಎಂದು ತಿರುಮಲೈಸಾಮಿ ಕೈ ಒರೆಸಿಕೊಂಡು ಬಲವಂತಕ್ಕೆ ಕಾದ.

"ಸರಿ ಅಣ್ಣ" ಎಂದ ಕಾಮಾಕ್ಷಿ ಸಾಂಬಾರನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟಳು.

ತಿರುಮಲೈಸಾಮಿಗೆ ಸಿಡಿಲು ಬಡಿದಂತಾಯಿತು. ಮುಚ್ಚಿದ ಫ್ರಿಜ್ಜಿನ ಬಾಗಿಲನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಅವರ ಜೊತೆಗೇ ಬಂದಿದ್ದ ಅವನ ತಾಯಿ ಜಾನಕಿಯಮ್ಮ, "ನನಗೆ ಹಾಕಮ್ಮ, ನನ್ನ ತಮ್ಮನ ಮಗನ ಮನೆ ಇದು, ತವರುಮನೇಲಿ ನನಗೇನು ಉಪಚಾರ?" ಎಂದು ಸಾಂಬಾರನ್ನು ಫ್ರಿಜ್ಜಿನಿಂದ ವಾಪಸ್ಸು ತರಿಸಿ, ಮಗ ಸೊಸೆಯರ ಎದುರೇ ಸೊರ್ರೆಂದು ಸುರಿದುಕೊಂಡು ಉಂಡರು.

ಬೆಳಿಗ್ಗೆ ಇಡ್ಲಿ. "ಎಷ್ಟು ಹಾಕ್ಲಿ ಅಣ್ಣ?"

"ಒಂದು ಸಾಕಮ್ಮ." (ತಿರುಪ್ಪೂರಿನಲ್ಲಿ ಇದರ ಅರ್ಥ ಎಂಟು.)

ತಟ್ಟೆಗೆ ಒಂದೇ ಒಂದು ಇಡ್ಲಿ ಬಂತು. ನಾಚಿಯಮ್ಮನಿಗೂ ಅದೇ ಗತಿ. ರೂಮಿಗೆ ಹೋದದ್ದೇ ಅವಳು ಗಂಡನ ಮೇಲೆ ಹರಿಹಾಯ್ದಳು.

"ಬಾಯಿ ಬಿಟ್ಟು 'ಬೇಕು' ಅಂದ್ರೆ ಮುತ್ತು ಉದುರುತ್ತಾ?"

"ಕೇಳಿ ತಿನ್ನೋ ವಂಶವಾ ನಮ್ದು? ನೀನೇ ಕೇಳು ಹೋಗು!"

"ನೀವು ಬ್ಯಾಡ ಅಂದ್ಮೇಲೆ ನಾನು ಕೈ ಚಾಚಿದ್ರೆ ನನ್ನ ತವರಿನ ಮಾನ ಏನಾಗಬೇಕು? ಅತ್ತೇನಾದ್ರೂ ಒಂದು ಮಾತು ಹೇಳಬಾರದಾ ನಮ್ ಪರವಾಗಿ?"

ಅತ್ತೆ ಆಗಲೇ ಹೇಳಿದ್ದರು. "ಊರಲ್ಲೂ ಇವರು ಹಿಂಗೇ ಕಣಮ್ಮ, ಗುಬ್ಬಚ್ಚಿ ತಿಂದಂಗೆ ತಿಂತಾರೆ" ಎಂದು. ಬಡಿಸುವ ಹೆಂಗಸಿನ ಎದುರು ಮಗನನ್ನು ಹೊಟ್ಟೆಬಾಕ ಎಂದು ಯಾವ ತಾಯಿ ಹೇಳಿಯಾಳು?

ಕೊನೆಗೆ ಊರು ನೋಡುವ ನೆಪದಲ್ಲಿ ಗಂಡ ಹೆಂಡತಿ ಸೆರಂಗೂನ್ ರೋಡಿನ ಒಂದು ಮೆಸ್ಸಿಗೆ ಕಳ್ಳರಂತೆ ನುಗ್ಗಿದರು. ಬಾಳೆಲೆ ಊಟದ ಬೆಲೆಯನ್ನು ತಿರುಮಲೈಸಾಮಿ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿದ. ಎತ್ತಿದ ತುತ್ತನ್ನು ಎಲೆಗೇ ಇಳಿಸಿದ.

"ಅಡಿಯೇ, ನಿನ್ನ ಈ ಹಪ್ಪಳದ ಕಾಸಿಗೆ ಊರಲ್ಲಿ ಒಂದು ಪಂಕ್ತಿಗೇ ಊಟ ಹಾಕಬಹುದು! ತಿನ್ಬೇಡ!"

"ತಿಂದಾಯ್ತು" ಎಂದಳು ನಾಚಿಯಮ್ಮ. "ಇನ್ನೊಂದು ಹೇಳಿ."

ಹಸಿವಿಗೆ ಲೆಕ್ಕ ತಿಳಿಯದು. ದಿನವೂ ಬಾಲು ಮನೆಯಲ್ಲಿ ಗುಬ್ಬಚ್ಚಿಯಾಗುವುದು, ಮೆಸ್ಸಿನಲ್ಲಿ ಆನೆಯಾಗುವುದು. ಡೆಕ್ಕಿನ ದುಡ್ಡು ಹೀಗೆ ತುತ್ತುತುತ್ತಾಗಿ ಕರಗಿತು. ಹೊರಡುವ ಹೊತ್ತಿಗೆ ಉಳಿದದ್ದರಲ್ಲಿ ಡೆಕ್ಕಿನ ವೈರು ಕೂಡ ಬರುವಂತಿರಲಿಲ್ಲ. ಪಳನಿಸಾಮಿಯ ಮುಖ ನೆನೆದು ತಿರುಮಲೈಸಾಮಿಗೆ ಅಳುವೇ ಬಂತು.

ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿ ಕೆಳಗೆ ಬಂದು, ಜಾನಕಿಯಮ್ಮ ಹೋಗಿ ಕೂತೂ ಆಗಿತ್ತು. ಬಾಲು ಒಳಗಿನಿಂದ ದೊಡ್ಡದೊಂದು ಪೆಟ್ಟಿಗೆ ಹೊತ್ತು ತಂದ. ಮೇಲೆ ಡೆಕ್ಕಿನ ಚಿತ್ರ!

"ಭಾವ, ನೀವು ಬರ್ತೀರಿ ಅಂತ ಸಾಪಾಟಿಗೇ ಬೇರೆ ಕಾಸು ಎತ್ತಿಟ್ಟಿದ್ದೊ. ನೀವು ಏನೂ ತಿನ್ನಲೇ ಇಲ್ಲ. ನಿಮ್ಮ ಪಾಲಿನ ಕಾಸು, ಅದರ ಮೇಲೆ ಕೊಂಚ ಹಾಕಿ, ನಿಮಗೇ ಅಂತ ಇದನ್ನ ತಂದೊ. ತಗೊಂಡು ಹೋಗ್ತೀರಾ?"

ಈ ಸಲ ತಿರುಮಲೈಸಾಮಿ ಮೋಸಹೋಗುವವನಲ್ಲ. ಒಂದು ವಾರದ ಹಸಿವು ಅವನಿಗೆ ಬುದ್ಧಿ ಕಲಿಸಿತ್ತು. ವಂಶದ ಮಾನ ಮರ್ಯಾದೆಗಳನ್ನೆಲ್ಲ ಸಮುದ್ರಕ್ಕೆಸೆದು "ಕೊಡಪ್ಪ" ಎಂದೇ ಹೇಳುವುದೆಂದು ಬಾಯಿ ತೆರೆದ. ಆದರೆ ಕೈ ಮೊದಲು ಪೆಟ್ಟಿಗೆಯತ್ತ ಚಾಚಿ, ಮಾತು ಒಂದು ಗಳಿಗೆ ತಡವಾಯಿತು.

"ಅಯ್ಯೋ ಬ್ಯಾಡ ತಮ್ಮ!" ಎಂದಳು ನಾಚಿಯಮ್ಮ, ಎರಡೂ ಕೈ ಅಡ್ಡ ಆಡಿಸುತ್ತ. "ಇದೆಲ್ಲ ನಮಗ್ಯಾಕೆ? ನೀವು ಅನ್ನ ಹಾಕಿದ್ದೇ ಸಾಕು."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಹೊಳೆಯಿತು. ಕಣ್ಣು ಪಿಳಿಪಿಳಿ ಬಿಡುತ್ತ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ತಿರುಮಲೈಸಾಮಿಯ ತೆರೆದ ಬಾಯಿ ತೆರೆದೇ ಇತ್ತು.

"ಸರಿ ಅಕ್ಕ" ಎಂದ ಬಾಲು ಪೆಟ್ಟಿಗೆ ಬಿಚ್ಚಿ, ಡೆಕ್ಕನ್ನು ಹೊರಗೆ ತೆಗೆದು, ತನ್ನ ಟಿವಿಗೆ ವೈರು ಸಿಕ್ಕಿಸತೊಡಗಿದ.