ಯುದ್ಧದ ಸಿನಿಮಾದಲ್ಲಿ ಒಂದು ಲಾರಿ

ಸಿನಿಮಾ ನೋಡಿ ನಾನು ಎಂದೂ ಅತ್ತವನಲ್ಲ. ಇದನ್ನು ಗಂಡಸುತನದ ಜಂಬದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅಳಬೇಕಾದರೆ ಮೊದಲು ಸಿನಿಮಾ ನೋಡಬೇಕು, ನನ್ನಿಂದ ಅದೇ ಆಗುವುದಿಲ್ಲ. ಥಿಯೇಟರಿನಲ್ಲಿ ಕತ್ತಲಾದ ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತೇನೆ. ಕಲಬುರಗಿಯ ಬೇಸಿಗೆಯನ್ನು ಕಂಡುಂಡವರು ನನ್ನನ್ನು ಖಂಡಿತ ಕ್ಷಮಿಸುತ್ತಾರೆ. ಏಪ್ರಿಲ್ ಬಂತೆಂದರೆ ಇಲ್ಲಿ ಸರ್ಕಾರವೇ ಕೈಚೆಲ್ಲಿ, ಕಚೇರಿಗಳನ್ನು ಬೆಳಿಗ್ಗೆ ಎಂಟಕ್ಕೆ ತೆರೆಸಿ ಮಧ್ಯಾಹ್ನ ಒಂದೂವರೆಗೆ ಮುಚ್ಚಿಸಿಬಿಡುತ್ತದೆ. ಕಮಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಮನೆ ಮಾತ್ರ ಕಲಬುರಗಿಯ ಕುಸನೂರ ಕಡೆ. ಕಚೇರಿ ಬಿಟ್ಟು, ಕಾದ ಬಸ್ಸಿನಲ್ಲಿ ಬೆಂದು ಊರು ಸೇರಿದರೆ, ಮನೆಯ ಫ್ಯಾನು ನಮ್ಮದೇ ಬಿಸಿಗಾಳಿಯನ್ನು ತಿರುಗಿಸಿ ನಮಗೇ ಬಡಿಸುತ್ತದೆ. ಹಾಗಾಗಿ ಬಸ್‌ಸ್ಟ್ಯಾಂಡಿನಿಂದ ನೇರ ಸ್ಟೇಶನ್ ಬಜಾರದ ಕಡೆ ಹೋಗಿ, ಯಾವ ಥಿಯೇಟರಿನಲ್ಲಿ ಏಸಿ ಸರಿ ಇದೆಯೋ ಅಲ್ಲಿ ಮಧ್ಯಾಹ್ನದ ಆಟಕ್ಕೆ ಕೂತುಬಿಡುತ್ತೇನೆ. ಪರದೆಯ ಮೇಲೆ ಏನು ಹಾಕುತ್ತಾರೆ ಅನ್ನುವುದು ಅವರ ಇಷ್ಟ. ನಾನು ಪ್ರೇಮಕಥೆಗಳಲ್ಲಿ ಮಲಗಿದ್ದೇನೆ, ದೆವ್ವದ ಕಥೆಗಳಲ್ಲಿ ಗೊರಕೆ ಹೊಡೆದಿದ್ದೇನೆ. ಮಕ್ಕಳ ಸಿನಿಮಾವೊಂದರಲ್ಲಿ ಪಕ್ಕದ ಸೀಟಿನ ಮಗುವೇ ನನ್ನನ್ನು ತಟ್ಟಿ ಮಲಗಿಸಿತಂತೆ.

ಈ ಸಲದ ಬೇಸಿಗೆಯಲ್ಲಿ ಬಂದದ್ದು ಯುದ್ಧದ ಸಿನಿಮಾ. ನಿಜವಾಗಿ ನಡೆದ ಘಟನೆಯನ್ನು ಆಧರಿಸಿದ್ದು ಎಂದು ಮೊದಲೇ ದಪ್ಪ ಅಕ್ಷರದಲ್ಲಿ ತೋರಿಸಿದರು. ಅದಾದ ಮೇಲೆ ಪರದೆಯ ತುಂಬ ಹಿಮ. ಬೆಟ್ಟ ಹಿಮ, ಬಯಲು ಹಿಮ, ನಾಯಕನ ಮೀಸೆ ಹಿಮ. ಹೊರಗೆ ಡಾಂಬರು ಕರಗುತ್ತಿರುವಾಗ ಆ ದೃಶ್ಯ ಕಂಡ ಪ್ರೇಕ್ಷಕರ ಎದೆಯಿಂದ ಹೊರಟದ್ದು ದೇಶಪ್ರೇಮ ಎಂದು ನಾನು ಹೇಳಲಾರೆ. "ಆಹಾ, ಏನ್ ತಂಪ ಅದ ಲೇ!" ಎಂದು ಹಿಂದಿನ ಸಾಲಿನಿಂದ ಒಬ್ಬ ಬಾಯಿಬಿಟ್ಟು ಹೇಳಿದ. ಸೈನಿಕನೊಬ್ಬ ನಡುಗುತ್ತಾ, ಇಲ್ಲಿ ತುಂಬಾ ಚಳಿ ಎಂದು ತಾಯಿಗೆ ಫೋನಿನಲ್ಲಿ ಹೇಳಿದಾಗ ಮುಂದಿನ ಸಾಲಿನವನು, "ನೀ ಇಲ್ಲಿಗಿ ಬಾರಪ್ಪ, ನಾ ಅಲ್ಲಿಗಿ ಬರ್ತೀನಿ" ಎಂದು ಕೂಗಿ ಚಪ್ಪಾಳೆ ಗಿಟ್ಟಿಸಿದ. ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳಿಗೆ ಮಾತ್ರ ನಿಜವಾದ ಕಾಳಜಿ ಇತ್ತು. "ಇಷ್ಟು ದೊಡ್ಡ ಸರ್ಕಾರ, ಕಿವಿಗಿ ಒಂದು ಮಫ್ಲರ್ ಕೊಡಬಾರದಾ" ಎಂದು ಗೊಣಗಿಕೊಂಡರು. ಅಲ್ಲಿಯವರೆಗೆ ನನಗೆ ನೆನಪಿದೆ. ಆಮೇಲೆ ತೋಪು ಹಾರಿದವೋ ವಿಮಾನ ಬಿದ್ದವೋ ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಜನ ಎದ್ದು ನಿಂತು ಜೈಕಾರ ಹಾಕುತ್ತಿದ್ದರು. ನಾನೂ ಎದ್ದು, ಕಣ್ಣುಜ್ಜಿಕೊಂಡು ಹೊರಬಂದೆ. ಬಾಗಿಲಲ್ಲೇ ಮೊಬೈಲ್ ಚಾನೆಲ್ಲೊಂದರ ಹೆಣ್ಣುಮಗಳು ಮೈಕು ಹಿಡಿದು ನಿಂತಿದ್ದಳು. "ಸರ್, ಸಿನಿಮಾ ಹೇಗಿತ್ತು?" ಎಂದು ಮೈಕನ್ನು ನನ್ನ ಗಲ್ಲಕ್ಕೇ ಚುಚ್ಚಿದಳು. ಅದೇ ಹೊತ್ತಿಗೆ ನನಗೊಂದು ದೊಡ್ಡ ಆಕಳಿಕೆ ಬಂತು. ಕ್ಯಾಮೆರಾ ಎದುರಿಗೆ, ಅದೂ ಹುತಾತ್ಮರ ಸಿನಿಮಾ ನೋಡಿ ಬಂದು, ಬಾಯಿ ತೆರೆದು ಆಕಳಿಸುವುದು ಹೇಗೆ? ಹಲ್ಲುಕಚ್ಚಿ ತಡೆದೆ. ಆಕಳಿಕೆಯನ್ನು ತಡೆದವರಿಗೆ ಅದರ ಪರಿಣಾಮ ಗೊತ್ತಿರುತ್ತದೆ. ತುಟಿ ನಡುಗುತ್ತದೆ, ಗಲ್ಲ ಬಿಗಿಯುತ್ತದೆ, ಮೂಗು ಅರಳುತ್ತದೆ, ಎರಡೂ ಕಣ್ಣಿಂದ ಧಾರಾಕಾರ ನೀರಿಳಿಯುತ್ತದೆ. "ನೋಡಿ ವೀಕ್ಷಕರೇ, ಇವರಿಗೆ ಮಾತೇ ಹೊರಡ್ತಿಲ್ಲ" ಎಂದು ಅವಳೂ ಗದ್ಗದಿತಳಾದಳು. ನಾನು ಕೈಮುಗಿದು ಅಲ್ಲಿಂದ ಜಾಗ ಖಾಲಿ ಮಾಡಿದೆ. ಕೈಮುಗಿದದ್ದು ಬಿಟ್ಟುಬಿಡು ತಾಯಿ ಎಂಬ ಅರ್ಥದಲ್ಲಿ. ಜನ ಅದನ್ನೂ ಯೋಧರಿಗೆ ಮಾಡಿದ ನಮಸ್ಕಾರವೆಂದೇ ತಿಳಿದರು.

ಮರುದಿನ ಬೆಳಗಾಗುವಷ್ಟರಲ್ಲಿ ನಾನು ಊರಿನ ಎಲ್ಲ ಮೊಬೈಲುಗಳಲ್ಲಿ ಅಳುತ್ತಿದ್ದೆ. ಮೊದಲು ತೋರಿಸಿದವಳು ನನ್ನ ಹೆಂಡತಿ. "ನಮ್ಮಪ್ಪ ತೀರಿಕೊಂಡಾಗ ಒಂದ್ ಹನಿ ಹಾಕಲಿಲ್ಲ ನೀವು. ಪರಕಿ ಮಂದಿಗಿ ಇಷ್ಟು ಅತ್ತೀರಿ" ಎಂದು ಅವತ್ತಿನ ಚಹಾಕ್ಕೆ ಸಕ್ಕರೆಯನ್ನೇ ಹಾಕಲಿಲ್ಲ. ಕಮಲಾಪುರದ ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ನಮ್ಮ ಸಾಹೇಬರು ಕರೆದು, "ನಿಮ್ಮೊಳಗ ಇಷ್ಟು ದೇಶಭಕ್ತಿ ಅದ ಅಂತ ಗೊತ್ತೇ ಇರಲಿಲ್ಲ ನೋಡ್ರಿ" ಎಂದರು. ಹಾಜರಿ ಪುಸ್ತಕ ನೋಡಿ ನನ್ನನ್ನು ಅಳೆದ ಮನುಷ್ಯ, ಅವರಿಗೆ ಆಶ್ಚರ್ಯವಾದದ್ದು ಸಹಜ. ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು, ಎರಡು ದಿನ ಇರಲಿ ಎಂದುಕೊಂಡೆ.

ಮೂರನೆಯ ದಿನ ಹವಾಲ್ದಾರ್ ಮೌಲಾಸಾಬರು ಬಂದರು. ಸೈನ್ಯದಿಂದ ನಿವೃತ್ತರಾಗಿ ಬಂದು ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಮನುಷ್ಯ. ಹೊಲದ ಕಾಗದ ಒಂದಕ್ಕಾಗಿ ಆರು ತಿಂಗಳಿಂದ ನಮ್ಮ ಕಚೇರಿಗೆ ಬರುತ್ತಿದ್ದರು. ಬಂದವರು ಯಾವತ್ತಿನ ಹಾಗೆ ಕಾಗದದ ಮಾತೆತ್ತಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, "ಸಾಹೇಬ್ರ, ಆ ಸಿನಿಮಾದಾಗ ಅತ್ತೀರಂತಲ್ಲ. ನಾ ಅದೇ ಲಡಾಯಿದಾಗ ಇದ್ದೆ ನೋಡ್ರಿ" ಎಂದರು. ನನ್ನ ಅಂಗೈ ಬೆವರಿತು. ಬೇಸಿಗೆಯ ಬೆವರೇ ಬೇರೆ, ಇದೇ ಬೇರೆ. ಅವರು ಅಲ್ಲಿ ಓಡಿಸುತ್ತಿದ್ದದ್ದು ಲಾರಿಯಂತೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪಾತಾಳ, ನಡುವೆ ಹಿಮದ ಮೇಲೆ ಜಾರುವ ರಸ್ತೆ. ಆ ದಾರಿಯಲ್ಲಿ ಆಲೂಗಡ್ಡೆ, ಸೀಮೆಎಣ್ಣೆ, ಸೈನಿಕರ ಮನೆಯಿಂದ ಬಂದ ಪತ್ರಗಳ ಚೀಲ ಎಲ್ಲವನ್ನೂ ಮೇಲಕ್ಕೆ ಮುಟ್ಟಿಸುವುದು ಇವರ ಕೆಲಸ. ಗುಂಡು ಮಾತ್ರ ಒಂದನ್ನೂ ಹಾರಿಸಿದವರಲ್ಲ. "ಮನ್ಯಾಗ ಮಮ್ಮಕ್ಕಳು ನನಗ ಆಲೂ ಫೌಜಿ ಅಂತಾವ್ರೀ" ಎಂದು ನಕ್ಕರು. ನಕ್ಕದ್ದು ಬಾಯಿ ಮಾತ್ರ. "ಉಪಾಸ ಹೊಟ್ಟಿಲೆ ಯಾರಾದ್ರೂ ಗುಂಡು ಹೊಡೀತಾರೇನ್ರೀ? ನೀವೇ ಹೇಳ್ರಿ. ಅದಕ್ಕ ಕೇಳಾಕ ಬಂದೀನಿ. ಸಿನಿಮಾದಾಗ ಲಾರಿ ತೋರಿಸ್ಯಾರೇನು?"

ನಮ್ಮ ಕಚೇರಿಯಲ್ಲಿ ಒಂದು ರೂಢಿ ಇದೆ. ಎದುರಿಗೆ ನಿಂತವರು ಏನೇ ಕೇಳಲಿ, "ಆಗ್ತದ್ರಿ" ಎನ್ನುವುದು. ಕಾಗದ ಸಿಗತದೇನ್ರೀ ಅಂದರೆ ಆಗ್ತದ್ರಿ. ಈ ವಾರ ಆಗತದೇನ್ರೀ ಅಂದರೂ ಆಗ್ತದ್ರಿ. ಇಲ್ಲ ಎನ್ನಲು ಕಾರಣ ಕೊಡಬೇಕು. ಹೂಂ ಎನ್ನಲು ಬರೀ ಬಾಯಿ ಸಾಕು. ಆ ಅಭ್ಯಾಸಬಲದಿಂದ ನನ್ನ ಬಾಯಿ ನನ್ನನ್ನು ಕೇಳದೆಯೇ, "ತೋರಿಸ್ಯಾರ್ರೀ ಹವಾಲ್ದಾರ್ರ, ಛಲೋ ತೋರಿಸ್ಯಾರ" ಎಂದುಬಿಟ್ಟಿತು. "ಭಾಳ ಹೊತ್ತು?" ಎಂದು ಕೇಳಿದರು. "ಭಾಳ ಹೊತ್ತು" ಎಂದೆ.  ಮೌಲಾಸಾಬರು ತಲೆಯ ಮೇಲಿನ ಟೋಪಿ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹೊಲದ ಕಾಗದವನ್ನು ಕೇಳುವುದನ್ನೇ ಮರೆತು ಎದ್ದು ಹೋದರು.

ಸಂಜೆಯೊಳಗೆ ಕಮಲಾಪುರಕ್ಕೆಲ್ಲ ಸುದ್ದಿಯಾಗಿತ್ತು: ಸಿನಿಮಾದಲ್ಲಿ ಮೌಲಾಸಾಬರ ಲಾರಿ ಇದೆ. ಮರುದಿನ ಒಂದು ಗೊನೆ ಬಾಳೆಹಣ್ಣಿನ ಜೊತೆ ಅವರು ಮತ್ತೆ ಬಂದರು. ರವಿವಾರ ಮಧ್ಯಾಹ್ನದ ಆಟಕ್ಕೆ ಇಡೀ ಮನೆಗೆ ಟಿಕೆಟ್ ತೆಗೆಸಿದ್ದಾರಂತೆ, ನನ್ನನ್ನೂ ಸೇರಿಸಿ. "ನೀವು ಬರಲೇಬೇಕ್ರಿ. ಮೊದಲ ನೋಡಿದವರು ನೀವು." ಅವರು ಹೋದ ಮೇಲೆ ನಾನು ಸಿನಿಮಾ ನೋಡಿದವರನ್ನೆಲ್ಲ ಹಿಡಿದು ವಿಚಾರಿಸಿದೆ. ನಮ್ಮ ಟೈಪಿಸ್ಟನ ಉತ್ತರ ಹೀಗಿತ್ತು: "ಇಂಥಾ ಸಿನಿಮಾದಾಗ ಲಾರಿ ಯಾರ ನೋಡ್ತಾರ್ರೀ? ನಾ ಅಳಾಕತ್ತಿದ್ದೆ." ಜವಾನನಿಗೆ ನಾಯಕಿಯ ಹಸಿರು ಸೀರೆ ಬಿಟ್ಟು ಬೇರೇನೂ ನೆನಪಿರಲಿಲ್ಲ. ಸಾಹೇಬರು ಮಾತ್ರ ನನ್ನನ್ನು ವಿಚಿತ್ರವಾಗಿ ನೋಡಿ, "ನೀವೇ ನೋಡೀರಲ್ಲ!" ಎಂದರು. ಇಷ್ಟೊಂದು ಜನ ಅತ್ತಿದ್ದಾರೆ, ಏನು ನೋಡಿ ಅತ್ತರೋ ಒಬ್ಬರಿಗೂ ನೆನಪಿಲ್ಲ.

ರವಿವಾರ ಥಿಯೇಟರಿನ ಮುಂದೆ ಒಂದೇ ಟಂಟಂ ಆಟೋದಿಂದ ಒಂಬತ್ತು ಜನ ಇಳಿದರು. ಮೌಲಾಸಾಬರು, ಅವರ ಹೆಂಡತಿ ಫಾತಿಮಾಬೀ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ, ನಾಲ್ಕು ಮೊಮ್ಮಕ್ಕಳು. ಮೌಲಾಸಾಬರು ಇಸ್ತ್ರಿ ಮಾಡಿದ ಅಂಗಿಯ ಮೇಲೆ ಪದಕ ಹಚ್ಚಿಕೊಂಡು ಬಂದಿದ್ದರು.   ನನ್ನ ಒಂದು ಹಾಳು ಹೂಂಕಾರಕ್ಕಾಗಿ ಈ ಮನುಷ್ಯ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಬಿಸಿಲಲ್ಲಿ ಬಂದಿದ್ದಾರೆ. ಲಾರಿ ಬರದಿದ್ದರೆ ಇವರ ಮೊಮ್ಮಕ್ಕಳ ಮುಂದೆ ಇವರ ಮುಖ ಏನಾಗಬೇಡ?

ಜೀವನದಲ್ಲಿ ಮೊದಲ ಬಾರಿಗೆ ನಾನು ಸಿನಿಮಾವೊಂದನ್ನು ಕಣ್ಣುಬಿಟ್ಟು ನೋಡಿದೆ. ಜನ ಶತ್ರು ಬರುವುದನ್ನು ಕಾಯುತ್ತಿದ್ದರೆ ನಾನು ಲಾರಿ ಬರುವುದನ್ನು ಕಾಯುತ್ತಿದ್ದೆ. ಜೀಪು ಬಂತು. ಹೆಲಿಕಾಪ್ಟರ್ ಬಂತು. ಒಂದು ಹೇಸರಗತ್ತೆ ಬಂತು. ಅದು ಬೆನ್ನ ಮೇಲೆ ಮೂಟೆ ಹೊತ್ತು ನಿಧಾನವಾಗಿ ಬೆಟ್ಟ ಹತ್ತಿತು. ಕತ್ತೆಗೆ ಇಷ್ಟು ಹೊತ್ತು ಕೊಟ್ಟಿದ್ದಾರಲ್ಲ ಎಂದು ನನಗೆ ನಿರ್ದೇಶಕನ ಮೇಲೆ ಕೆಂಡದಂಥ ಸಿಟ್ಟು ಬಂತು. ಮೌಲಾಸಾಬರು ಮಾತ್ರ ಖುಷಿಯಾಗಿದ್ದರು. "ಬೂಟು ಭಾಳ ಸ್ವಚ್ಛ ಅವ" ಎಂದರು. ನಾಯಕ ಬೆಟ್ಟದ ತುದಿಯಲ್ಲಿ ನಿಂತು ದೊಡ್ಡ ಭಾಷಣ ಮಾಡಿದಾಗ, "ಆ ಥಂಡಿದಾಗ ಇಷ್ಟು ಮಾತಾಡಿದ್ರ ದವಡಿ ಹಿಡ್ಕೋತದ್ರೀ" ಎಂದರು. ಮೊಮ್ಮಕ್ಕಳು ಪ್ರತಿ ಗಾಡಿ ಬಂದಾಗಲೂ, "ಇದೇನು ನಾನಾ? ಇದೇನು?" ಎಂದು ಅಜ್ಜನನ್ನು ಕೇಳುತ್ತಿದ್ದರು. ಅವರು, "ಸಬರ್ ಮಾಡ್ರಿ, ಬರ್ತದ. ಸಾಹೇಬ್ರು ನೋಡ್ಯಾರ" ಎನ್ನುತ್ತಿದ್ದರು. ನಾನು ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರುತ್ತಿದ್ದೆ.

ಮಧ್ಯಂತರದಲ್ಲಿ ಪಶ್ಚಾತ್ತಾಪದಿಂದ ಎಲ್ಲರಿಗೂ ಸಮೋಸಾ ಕೊಡಿಸಿದೆ. ಮೌಲಾಸಾಬರಿಗೆ ಎರಡು. ಎಣ್ಣೆಯ ಸಮೋಸಾ, ಮೇಲೆ ಏಸಿಯ ತಂಪು, ವಯಸ್ಸೂ ಆಗಿತ್ತು. ಮತ್ತೆ ಕತ್ತಲಾಗಿ ಐದು ನಿಮಿಷಕ್ಕೆ ಅವರ ಗದ್ದ ಪದಕದ ಮೇಲೆ ಬಂದು ಕೂತಿತು. ಅದಾಗಿ ಸ್ವಲ್ಪ ಹೊತ್ತಿಗೇ ಪತ್ರದ ದೃಶ್ಯ ಬಂತು. ನಾಯಕ ಜೇಬಿನಿಂದ ಹೆಂಡತಿಯ ಪತ್ರ ತೆಗೆದು ಓದುತ್ತಾನೆ. ಅದು ಜೇಬಿಗೆ ಹೇಗೆ ಬಂತು? ಯಾರು ತಂದರು? ಯಾವ ರಸ್ತೆಯಲ್ಲಿ ತಂದರು? ಒಂದು ಮಾತಿಲ್ಲ. ಪತ್ರ ಜೇಬಿನಲ್ಲೇ ಬೆಳೆದ ಹಾಗಿತ್ತು. ಥಿಯೇಟರಿನ ತುಂಬ ಮೂಗು ಸೊರಗುಟ್ಟುವ ಸದ್ದು. ಹಿಂದೆ ಯಾರೋ ಫೋನಿನಲ್ಲಿ, "ಆಮ್ಯಾಲ ಮಾಡ್ತೀನಿ ಮಾರಾಯಾ, ಸದ್ಯ ಅಳಾಕತ್ತೀನಿ" ಎಂದು ಪಿಸುಗುಟ್ಟಿದರು. ನಾನು ಮೌಲಾಸಾಬರ ಕಡೆ ನೋಡಿದೆ. ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು, ಸದ್ಯ ಇದನ್ನು ಅವರು ನೋಡಲಿಲ್ಲ. ಆಗ ನನ್ನ ಕಣ್ಣಿಗೂ ನೀರು ಬಂತು. ಹುತಾತ್ಮನಾಗಲಿರುವ ನಾಯಕನನ್ನು ನೋಡಿ ಸಮಾಧಾನದಿಂದ ಕಣ್ಣೀರಿಟ್ಟ ಪ್ರೇಕ್ಷಕ ಪ್ರಾಯಶಃ ನಾನೊಬ್ಬನೇ.

ಲಾರಿ ಕೊನೆಗೂ ಬರಲಿಲ್ಲ. ದೀಪ ಹತ್ತಿದವು, ಜೈಕಾರವಾಯಿತು, ಮೌಲಾಸಾಬರು ಬೆಚ್ಚಿ ಎದ್ದರು. ಪರದೆ ನೋಡಿದರು, ಬರೀ ಹೆಸರುಗಳು ಓಡುತ್ತಿದ್ದವು. ಮುಖ ಇಷ್ಟೇ ಇಷ್ಟಾಯಿತು. "ಲಾರಿ ಬಂದು ಹೋತೇನು?" ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ, ಮನೆಯವರನ್ನು. ಆ ಒಂಬತ್ತರಲ್ಲಿ ಎಂಟು ಜನ ಎರಡೂವರೆ ತಾಸು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದರು. ಲಾರಿ ಹೋಗಲಿ, ಅದರ ಒಂದು ಗಾಲಿಯನ್ನೂ ಅವರು ಕಂಡಿರಲಿಲ್ಲ. ನಾನು ಎದ್ದು, ತಪ್ಪಾಯಿತು ಹವಾಲ್ದಾರ್ರೇ ಎಂದು ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಫಾತಿಮಾಬೀ ಬಂತಲ್ಲ, ಇಷ್ಟು ದೊಡ್ಡದು ಎಂದು ಎರಡೂ ಕೈ ಅಗಲ ಮಾಡಿ ತೋರಿಸುತ್ತಾ, "ಆಯಾ ನಾ! ಇತ್ತಾ ಬಡಾ!" ಎಂದರು. ಅಳಿಯ ಒಂದು ಕ್ಷಣ ಅತ್ತೆಯ ಮುಖ ನೋಡಿ, "ಒಂದೇ ಅಲ್ರೀ ಮಾವಾ, ಸಾಲಾಗಿ ಬಂದವು" ಎಂದ. ಆಲೂ ಫೌಜಿ ಎಂಬ ಹೆಸರನ್ನು ಇಟ್ಟವಳೇ ಎಂಟು ವರ್ಷದ ಹಿರಿಯ ಮೊಮ್ಮಗಳಂತೆ, ಅವಳು ಅಜ್ಜನ ಕೈ ಹಿಡಿದು, "ಡ್ರೈವರ್ ನಿಮ್ಮ ಹಂಗೇ ಇದ್ದ ನಾನಾ. ಎಲ್ಲಾರೂ ಸೀಟಿ ಹೊಡದ್ರು" ಎಂದಳು.

 ಸುಳ್ಳು ಹೇಳುವುದರಲ್ಲಿ ನನಗೆ ಸರ್ಕಾರಿ ಅನುಭವ ಇದೆ. ಆದರೆ ನಾನು ಹೇಳುವುದು ಎದುರಿನವರನ್ನು ಸಾಗಹಾಕಲಿಕ್ಕೆ. ಇವರು ಹೇಳಿದ್ದು ತಮ್ಮ ಮನುಷ್ಯನನ್ನು ಹತ್ತಿರ ಇಟ್ಟುಕೊಳ್ಳಲಿಕ್ಕೆ. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ತಪ್ಪಿಸಿಕೊಂಡೆ ಎಂಬ ನಿರಾಳ ಇವೆರಡಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು.

ಮೌಲಾಸಾಬರ ಮುಖ ಅರಳಿತು. ಟಂಟಂ ಹತ್ತುವ ತನಕ, ಲಾರಿಗೆ ಎಷ್ಟು ಗಾಲಿ ಇದ್ದವು, ಚೈನು ಸುತ್ತಿದ್ದರಾ, ಹಾರ್ನು ಹೊಡೆದರಾ ಎಂದು ಕೇಳುತ್ತಲೇ ಇದ್ದರು. ಮನೆಯವರು ಒಬ್ಬರ ಮೇಲೊಬ್ಬರು ಗಾಲಿ ಜೋಡಿಸುತ್ತಲೇ ಇದ್ದರು. ಗಾಡಿ ಹೊರಡುವ ಮುಂಚೆ ಅವರು ತಲೆ ಹೊರಹಾಕಿ ನನ್ನ ಕೈ ಹಿಡಿದುಕೊಂಡರು. "ಇಂಥಾ ಹೊತ್ತಿನಾಗ ನಿದ್ದಿ ಬಂತಲ್ರೀ, ನನ್ನ ನಸೀಬು. ಬರೋ ರವಿವಾರ ನೀವು ನಾನು ಇಬ್ಬರೇ ಬರೂಣು. ನನ್ನ ಬಾಜೂಕೇ ಕುಂದರ್ರಿ. ಲಾರಿ ಬರೋ ಮೊದಲ ಒಂದು ಸಲ ಜೋರಾಗಿ ಚಿವುಟ್ರಿ, ಆಗತದಿಲ್ಲೋ?"

"ಆಗ್ತದ್ರಿ" ಎಂದೆ.

ಟಿಕೆಟ್ ತೆಗೆಸಿ ಆಗಿದೆ. ಸಿನಿಮಾ ಇನ್ನೂ ಹೌಸ್‌ಫುಲ್ ಓಡುತ್ತಿದೆ. ಇವತ್ತು ಶುಕ್ರವಾರ, ಸಿನಿಮಾದ ಯಾವ ಜಾಗದಲ್ಲಿ ಚಿವುಟಬೇಕು ಎಂಬುದನ್ನು ನಾನು ಇನ್ನೂ ಗೊತ್ತುಮಾಡಿಕೊಂಡಿಲ್ಲ.