ನಾನು ಸುಧಾರಿಸಿದ ಸರ್ವರುಗಳು

ಸರಿಯಾಗಿ ನಡೆಯುತ್ತಿರುವುದನ್ನು ಕಂಡರೆ ಕೈ ಸುಮ್ಮನಿರದ ಜನರಿದ್ದಾರೆ. ನಾನು ಆ ಪೈಕಿ. ಚೆನ್ನಾಗಿಯೇ ಆಗಿರುವ ಸಾರಿಗೂ ಏನಾದರೊಂದು ಚಿಟಿಕೆ ಹಾಕುತ್ತೇನೆ. ಏನು ಹಾಕಿದ್ರಿ ಎಂದು ಹೆಂಡತಿ ಕೇಳುವ ಹೊತ್ತಿಗೆ ನನಗೇ ನೆನಪಿರುವುದಿಲ್ಲ. ಹಾಗಾಗಿ ಅಡುಗೆಮನೆ ನನಗೆ ಬಂದ್. ಹಾನಗಲ್ಲಿನ ರಕ್ತಪರೀಕ್ಷೆಯ ಲ್ಯಾಬಿನವರು ಮಾತ್ರ ನಾಲ್ಕು ಊರಿನ ಸರ್ವರುಗಳನ್ನು ನಂಬಿ ನನ್ನ ಕೈಗೆ ಕೊಟ್ಟಿದ್ದಾರೆ.

ಸವಣೂರು, ಹಿರೇಕೆರೂರು, ಅಕ್ಕಿಆಲೂರಿನಲ್ಲಿ ನಮ್ಮ ಶಾಖೆಗಳಿವೆ. ನಾನು ಇಲ್ಲಿ ಕೂತು ಒಂದು ಸೆಟ್ಟಿಂಗ್ ಬದಲಿಸಿದರೆ, ಅದಕ್ಕೆಂದೇ ಇರುವ ಸಾಫ್ಟ್‌ವೇರ್ ಅದನ್ನು ಎಲ್ಲ ಊರಿಗೂ ತಾನೇ ಮುಟ್ಟಿಸುತ್ತದೆ. ಒಂದು ಬೆಳಿಗ್ಗೆ, ರಿಪೋರ್ಟ್ ತಯಾರಿಸುವ ಸರ್ವರ್ ಪರೀಕ್ಷಾ ಯಂತ್ರದ ಉತ್ತರಕ್ಕೆ ಇಷ್ಟು ಹೊತ್ತು ಯಾಕೆ ಕಾಯಬೇಕು ಅನ್ನಿಸಿ, ಕಾಯುವ ಸಮಯ ಕಡಿಮೆ ಮಾಡಿದೆ. ಕೆಲಸ ಚುರುಕಾದೀತು ಎಂಬ ಆಸೆ. ಆಮೇಲೆ ಚಹಾ ಕುಡಿಯಲು ಕೂತೆ.

ಚಹಾ ಮುಗಿಯುವುದರೊಳಗೆ ಅಕ್ಕಿಆಲೂರು ಶಾಖೆಯ ರೇಣುಕಾ ಫೋನ್ ಮಾಡಿದಳು. ಒಂದೂ ರಿಪೋರ್ಟ್ ಬರುತ್ತಿಲ್ಲವಂತೆ. ಯಂತ್ರ ಉತ್ತರ ಹೇಳುವ ಮೊದಲೇ ಸರ್ವರ್ ಎದ್ದು ಹೋಗುತ್ತಿತ್ತು. "ಎದುರಿನ ದವಾಖಾನ್ಯಾಗ ಒಬ್ಬಾಕಿನ್ನ ಹೆರಿಗಿ ಆಪರೇಷನ್‌ಗೆ ತಯಾರ ಮಾಡ್ಯಾರ್ರಿ. ರಕ್ತದ ರಿಪೋರ್ಟ್ ಇಲ್ದ ಡಾಕ್ಟರು ಕೈ ಹಚ್ಚಂಗಿಲ್ಲ ಅಂತಾರ," ಎಂದಳು. ಹಳೆಯ ಅಂಕಿ ಏನಿತ್ತೆಂದು ನೆನಪಾಗಲೊಲ್ಲದು. ಅಂದಾಜಿನ ಮೇಲೆ ಒಂದು ಹಾಕಿದೆ. ಸಾಲದೆಂದು ಪಕ್ಕದ ಇನ್ನೊಂದು ಸೆಟ್ಟಿಂಗನ್ನೂ ತಿರುವಿದೆ. ಈಗ ಹಿರೇಕೆರೂರಿನ ಪ್ರಿಂಟರೂ ನಿಂತಿತು.

ಸವಣೂರು ಶಾಖೆಯ ಶಬಾನಾಗೆ ಫೋನ್ ಹಚ್ಚಿದೆ. ಈ ಸಾಫ್ಟ್‌ವೇರ್ ತಂದು ಕೂರಿಸಿದ ಇಂಜಿನಿಯರ್ ಅವಳೇ. ಪ್ರತಿ ಬದಲಾವಣೆಗೂ ಒಂದು ಆವೃತ್ತಿ ಸಂಖ್ಯೆ, ಮಾಡಿದವರ ಹೆಸರು, ಕಾರಣ ಎಲ್ಲ ಉಳಿಯುವಂತೆ, ಬೇಕೆಂದಾಗ ಹಳೆಯದಕ್ಕೆ ಮರಳುವಂತೆ ಏರ್ಪಾಟು ಮಾಡಿದ್ದಳು. ನಮ್ಮಂಥ ಸಣ್ಣ ಲ್ಯಾಬಿಗೆ ಇದೆಲ್ಲ ಯಾಕೆ ಎಂದು ನಾನು ನಕ್ಕಿದ್ದೆ, ಒಮ್ಮೆಯೂ ತೆರೆದು ನೋಡಿರಲಿಲ್ಲ.

"ಅಣ್ಣಾರ, ನೀವು ಇನ್ನ ಏನೂ ಮುಟ್ಟಬ್ಯಾಡ್ರಿ. ನಿನ್ನಿ ಹೆಂಗಿತ್ತೋ ಹಂಗ ಮಾಡ್ತೇನಿ," ಎಂದಳು.

ಫೋನನ್ನು ಮೇಜಿನ ಮೇಲಿಟ್ಟು ಎರಡೂ ಕೈ ಮೇಲೆತ್ತಿ ಕೂತೆ, ಅವಳಿಗೆ ಅದು ಕಾಣುತ್ತದೆ ಎನ್ನುವಂತೆ.

ನಿನ್ನೆಯ ಆವೃತ್ತಿ ನಾಲ್ಕೂ ಊರಿಗೆ ಹೋಯಿತು. ತುಸು ಹೊತ್ತಿಗೆ ರೇಣುಕಾ ರಿಪೋರ್ಟ್ ಹಿಡಿದುಕೊಂಡು ದವಾಖಾನೆಗೆ ಓಡಿದಳಂತೆ. ಮಧ್ಯಾಹ್ನ ಮತ್ತೆ ಅವಳದೇ ಫೋನು: ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ನನಗೆ ಅನ್ನಿಸಿದಷ್ಟು ಹಗುರ ಕೂಸಿನ ಅಪ್ಪನಿಗೂ ಅನ್ನಿಸಿರಲಿಕ್ಕಿಲ್ಲ. ನಾನು ಕುರ್ಚಿಗೆ ಒರಗಿ, ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರು ಬಿಟ್ಟೆ.

ಸಂಜೆ, ಧೈರ್ಯ ಬಂದ ಮೇಲೆ, ಬದಲಾವಣೆಗಳ ದಾಖಲೆ ತೆರೆದು ನೋಡಿದೆ. ನನ್ನವುಗಳ ಎದುರು ಕಾರಣದ ಜಾಗ ಖಾಲಿ. ಶಬಾನಾ ಮಾತ್ರ ಬರೆದಿದ್ದಳು: "ಅಣ್ಣಾರು ಸುಧಾರಣಾ ಮಾಡಿದ್ರು. ತಗದೇನಿ."

ಆ ಸಾಲನ್ನು ಅಳಿಸಲು ಬಹಳ ಹೊತ್ತು ಹುಡುಕಿದೆ. ಇಷ್ಟೆಲ್ಲ ಮಾಡುವ ಸಾಫ್ಟ್‌ವೇರಿನಲ್ಲಿ ಅದೊಂದು ಸೌಲಭ್ಯ ಇಲ್ಲ.